ಭೂಪೇನರು ಕಂಡ ರಶ್ದಿ

ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಸಂಗ್ರಹದಲ್ಲಿ ಬಡೋದೆಯ ಭೂಪೇನ್ ಖಖ್ಖರ್ ಬರೆದ ಸಲ್ಮಾನ್ ರಶ್ದಿಯವರ ತೈಲಚಿತ್ರವಿದೆ. ವರ್ಷ 1995, ಹೆಸರು 'ದಿ ಮೂರ್'. ಅದೇ ವರ್ಷ ಹೊರಬಂದ 'ದಿ ಮೂರ್ಸ್ ಲಾಸ್ಟ್ ಸೈ' ಕಾದಂಬರಿಯ ನಾಯಕನ ಹೆಸರನ್ನೇ ಚಿತ್ರಕಾರರು ಲೇಖಕನಿಗೆ ಅಂಟಿಸಿಬಿಟ್ಟಿದ್ದಾರೆ.

ನಮಗೆ ಇದು ಬರೀ ತಮಾಷೆಯೆನಿಸುವುದಿಲ್ಲ. ಕಾದಂಬರಿಯಲ್ಲಿ ಚಿತ್ರಕಾರ್ತಿ ತಾಯಿ ಮಗನನ್ನು ಮತ್ತೆ ಮತ್ತೆ ಬರೆಯುತ್ತಾಳೆ. ಗಂಡನಿಗೆ ಒಗ್ಗದ ಆಕೆಯ ಚಿತ್ರವೊಂದು ಇನ್ನೊಂದು ಚಿತ್ರದಡಿ ಹೂತುಹೋಗುತ್ತದೆ. ಮೂಲ ರಶ್ದಿಯವರ ಮನೆಯದೇ. ಅವರ ತಾಯಿಯನ್ನು ಕೃಷನ್ ಖನ್ನಾ ಚಿತ್ರಿಸಿದ್ದರು, ತಂದೆಗೆ ಹಿಡಿಸಲಿಲ್ಲ, ಆ ಕ್ಯಾನ್ವಾಸಿನ ಮೇಲೆ ಬೇರೆ ಚಿತ್ರ ಬಂತು.

ಭೂಪೇನರ ಚಿತ್ರದಲ್ಲಿ ರಶ್ದಿಯವರ ಸುತ್ತ ಕಾದಂಬರಿಯ ದೃಶ್ಯಗಳು. ಇವು ಕೊಂಚ ಪುಸ್ತಕದ ಮುಖಪುಟದಂತಾದವೆಂಬುದು ನಮ್ಮ ತಕರಾರು. ಆದರೆ ಆ ಅಂಗಿ! ಒಳಗಿನ ಮೈ ಕಾಣುವಷ್ಟು ತೆಳು. 1989ರ ಫತ್ವಾದ ನಂತರ ಪೊಲೀಸ್ ಕಾವಲಿನಲ್ಲಿ, ಬದಲಿ ಹೆಸರಿನಲ್ಲಿ ಅಡಗಿ ಬಾಳುತ್ತಿದ್ದವರಿಗೆ ತೊಡಿಸಿದ್ದು ಇಂಥ ಅಂಗಿ. ಜಗತ್ತೆಲ್ಲ ಅವರನ್ನೊಂದು 'ಪ್ರಕರಣ'ವೆಂದು ಚರ್ಚಿಸುತ್ತಿದ್ದಾಗ ಭೂಪೇನರಿಗೆ ಕಂಡದ್ದು ಎದೆ, ಹೊಟ್ಟೆ, ಚರ್ಮ. ವೃತ್ತಿಯಿಂದ ಲೆಕ್ಕಿಗರಾಗಿದ್ದು (ಕಾದಂಬರಿಯಲ್ಲೂ 'ಅಕೌಂಟೆಂಟ್' ಆಗಿ ಇಣುಕುತ್ತಾರೆ), ದರ್ಜಿಗಳನ್ನೂ ಗಡಿಯಾರ ರಿಪೇರಿಯವರನ್ನೂ ಬರೆದ ಕೈಗೆ ಪ್ರಸಿದ್ಧ ಲೇಖಕನೂ ಅಂಥವನೇ ಒಬ್ಬ. ಈ ಸಲಿಗೆ ಬೇರೆ ಭಾವಚಿತ್ರಗಳಲ್ಲಿ ನಮಗೆ ಸಿಕ್ಕಿಲ್ಲ.

ಭೂಪೇನ್ 2003ರಲ್ಲಿ ತೀರಿಕೊಂಡರು. 2022ರ ಆಗಸ್ಟಿನಲ್ಲಿ ಅಮೆರಿಕದ ಷಟಾಕ್ವದ ವೇದಿಕೆಯಲ್ಲಿ ಇರಿತಕ್ಕೆ ಸಿಕ್ಕಿ ರಶ್ದಿ ಬಲಗಣ್ಣು ಕಳೆದುಕೊಂಡ ಮೇಲೆ, ಆ ತೆಳು ಅಂಗಿಯನ್ನು ಮೊದಲಿನಂತೆ ನಗುತ್ತ ನೋಡುವುದು ನಮ್ಮಿಂದ ಆಗಿಲ್ಲ.