ಅಭಿಪ್ರಾಯ ಕೇಳಿದ್ದು ಯಾರನ್ನ?

2022ರ ಆಗಸ್ಟ್ 17ರಂದು ರಿಸರ್ವ್ ಬ್ಯಾಂಕ್ ಡಿಜಿಟಲ್ ಪಾವತಿಯ ಶುಲ್ಕಗಳ ಬಗ್ಗೆ ಒಂದು ಚರ್ಚಾಪತ್ರ ಹೊರಡಿಸಿತು. ಯುಪಿಐಗೆ ಶುಲ್ಕ ಬೇಕಾ, ಬೇಕಾದರೆ ಎಷ್ಟು, ಯಾರಿಂದ? ಅಕ್ಟೋಬರ್ 3ರೊಳಗೆ ಜನ ಅಭಿಪ್ರಾಯ ಕಳಿಸಬಹುದು. ಪತ್ರ ಚೆನ್ನಾಗಿಯೇ ಇತ್ತು. ಅಂಗಡಿಯಲ್ಲಿ 800 ರೂಪಾಯಿ ಕೊಟ್ಟರೆ ಆ ವ್ಯವಹಾರ ನಡೆಸೋಕೆ ಸುಮಾರು 2 ರೂಪಾಯಿ ಖರ್ಚಾಗುತ್ತೆ ಅಂತ ಲೆಕ್ಕವನ್ನೂ ಮುಂದಿಟ್ಟಿತ್ತು.

ನಾಲ್ಕೇ ದಿನ. ಆಗಸ್ಟ್ 21ಕ್ಕೆ ಹಣಕಾಸು ಸಚಿವಾಲಯ ಟ್ವೀಟ್ ಮಾಡಿ, ಯುಪಿಐಗೆ ಶುಲ್ಕ ಹಾಕುವ ಯೋಚನೆಯೇ ಇಲ್ಲ ಅಂದುಬಿಟ್ಟಿತು. ಕಾರ್ಡು, ಐಎಂಪಿಎಸ್ ಪ್ರಶ್ನೆಗಳು ಉಳಿದಿದ್ದವು, ನಿಜ. ಆದರೆ ಜನರಿಗೆ ಬೇಕಿದ್ದ ಪ್ರಶ್ನೆಗೆ ಉತ್ತರ ಬಂದಾಗಿತ್ತು. ಉಳಿದ ಆರು ವಾರ ಬರೆಯೋದೇನು? ರಿವ್ಯೂಗೆ ಕಳಿಸಿದ ಕೋಡನ್ನು ಯಾರೂ ನೋಡುವ ಮೊದಲೇ ಮ್ಯಾನೇಜರ್ ಮರ್ಜ್ ಮಾಡಿದ ಹಾಗಾಯ್ತು.

ಉತ್ತರ ನಮಗೆಲ್ಲ ಹಿಡಿಸಿತು, ಹಾಗಾಗಿ ಗಲಾಟೆ ಆಗಲಿಲ್ಲ. ಆದರೆ ಆ 2 ರೂಪಾಯಿ ಮಾಯವಾಗಲ್ಲವಲ್ಲ! ಬ್ಯಾಂಕು, ಆ್ಯಪ್ ಕಂಪನಿಗಳು ಹೊರಬೇಕು, ಇಲ್ಲಾ ಸರ್ಕಾರ ಬೊಕ್ಕಸದಿಂದ ತುಂಬಬೇಕು. ಅಂದ್ರೆ ಯುಪಿಐ ಮುಟ್ಟದವರ ತೆರಿಗೆಯೂ ಅದರಲ್ಲಿ ಸೇರುತ್ತೆ. ಇದರ ಬಗ್ಗೆ ನಮ್ಮೂರ ಗೂಡಂಗಡಿಯವರಿಗೂ ಹೇಳೋಕೆ ಮಾತಿರುತ್ತೆ. ದುಡ್ಡು ಬಂದರೆ ಕನ್ನಡದಲ್ಲೇ ಕೂಗಿ ಹೇಳೋ ಡಬ್ಬಿ ಅಂಗಡಿಗಳಿಗೆ ಬಂದಿದೆ, ಆದರೆ ಅಭಿಪ್ರಾಯ ಕೇಳೋಕೆ ಇಂಗ್ಲಿಷ್ ಪಿಡಿಎಫ್ಫೇ ಗತಿ.

ಎರಡು ಪುಟದ ಕನ್ನಡ ಸಾರಾಂಶ ಬ್ಯಾಂಕಿನ ನೋಟಿಸ್ ಬೋರ್ಡಿಗೆ ಅಂಟಿಸೋದು ದೊಡ್ಡ ಕೆಲಸವೇನಲ್ಲ. ಗಡುವು ಮುಗಿಯೋವರೆಗೆ ಸಚಿವಾಲಯ ಸುಮ್ಮನಿರೋದು ಇನ್ನೂ ಸುಲಭ.