ಆದರ್ಶ ನಗರಿಯ ಹೆಬ್ಬಾಗಿಲು: ಯುಟೋಪಿಯಾ, ಬೇಗಂಪುರ ಮತ್ತು ಮಂಟೇಸ್ವಾಮಿಯ ಕಲ್ಯಾಣ

ಸಾಹಿತ್ಯದಲ್ಲಿ ಕಲ್ಪಿತವಾದ ಆದರ್ಶ ನಾಡುಗಳನ್ನು ರಾಜಕೀಯ ಚಿಂತನೆಯ ಆಕರಗಳೆಂದು ಪರಿಗಣಿಸುವ ಅಧ್ಯಯನಗಳು ಸಾಮಾನ್ಯವಾಗಿ ಆ ನಾಡಿನ ಒಳವ್ಯವಸ್ಥೆಯಿಂದ ಆರಂಭವಾಗುತ್ತವೆ. ಆಸ್ತಿ ಯಾರದು, ದುಡಿಮೆ ಹೇಗೆ ಹಂಚಿಕೆಯಾಗಿದೆ, ಆಳುವವರು ಯಾರು ಎಂಬ ಪ್ರಶ್ನೆಗಳು ಮೊದಲು ಬರುತ್ತವೆ. ಇವು ಅಗತ್ಯವಾದ ಪ್ರಶ್ನೆಗಳೇ. ಆದರೆ ಇವೆಲ್ಲವೂ ಈಗಾಗಲೇ ಒಳಗೆ ಪ್ರವೇಶ ಪಡೆದವರನ್ನು ಕುರಿತವು. ಬಾಗಿಲಲ್ಲಿ ಯಾರನ್ನು ತಡೆಯಲಾಗುತ್ತದೆ, ದಾರಿಗಳಲ್ಲಿ ಯಾರು ಅಂಜಿಕೆಯಿಲ್ಲದೆ ನಡೆಯಬಲ್ಲರು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಇದನ್ನು ಮುಂದಿಟ್ಟುಕೊಂಡು ಓದಿದರೆ ಮೂರು ಭಿನ್ನ ಪರಂಪರೆಗಳ ಪಠ್ಯಗಳು ಒಂದಕ್ಕೊಂದು ಎದುರಾಗಿ ಮಾತನಾಡತೊಡಗುತ್ತವೆ.

ಥಾಮಸ್ ಮೋರ್ ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ‘ಯುಟೋಪಿಯಾ’ 1516ರಲ್ಲಿ ಪ್ರಕಟವಾಯಿತು. ಇದರ ಮೊದಲ ಭಾಗ ಆ ಕಾಲದ ಇಂಗ್ಲೆಂಡಿನ ವಿಮರ್ಶೆ. ಉಣ್ಣೆಯ ಲಾಭಕ್ಕಾಗಿ ಉಳುವ ಭೂಮಿಗೆ ಬೇಲಿ ಹಾಕಿದಾಗ ನೆಲ ಕಳೆದುಕೊಂಡ ರೈತರು ಅಲೆಮಾರಿಗಳಾದರು. ಹಸಿವಿನಿಂದ ಕದ್ದವರನ್ನು ಗಲ್ಲಿಗೇರಿಸಲಾಯಿತು. ಈ ಅನ್ಯಾಯಕ್ಕೆ ಉತ್ತರವೆಂಬಂತೆ ಎರಡನೆಯ ಭಾಗದಲ್ಲಿ ದ್ವೀಪರಾಜ್ಯದ ವರ್ಣನೆಯಿದೆ. ಅಲ್ಲಿ 54 ನಗರಗಳಿವೆ; ಖಾಸಗಿ ಆಸ್ತಿಯಿಲ್ಲ; ದಿನಕ್ಕೆ 6 ಗಂಟೆಯ ದುಡಿಮೆ ಸಾಕು. ಆದರೆ ಪ್ರಜೆಯೊಬ್ಬ ಬೇರೊಂದು ನಗರಕ್ಕೆ ಹೋಗಬೇಕಾದರೆ ಆಳುವವನ ಅನುಮತಿ ಪತ್ರ ಬೇಕು. ಪತ್ರವಿಲ್ಲದೆ ಸಿಕ್ಕಿಬಿದ್ದವನಿಗೆ ಶಿಕ್ಷೆಯಾಗುತ್ತದೆ. ತಪ್ಪು ಮರುಕಳಿಸಿದರೆ ಅವನು ಗುಲಾಮನಾಗುತ್ತಾನೆ. ಮೊದಲ ಭಾಗದಲ್ಲಿ ಬೀದಿಪಾಲಾದವರಿಗಾಗಿ ಮರುಗಿದ ಕೃತಿಯೇ ಎರಡನೆಯ ಭಾಗದಲ್ಲಿ ಅಲೆಯುವವನನ್ನು ಕಂಡು ಅಂಜುತ್ತದೆ. ಕೃತಿಯ ರಾಜಕೀಯ ಚಿಂತನೆ ಇರುವುದು ಅದರ ಆಡಳಿತ ವಿವರಗಳಲ್ಲಿ ಮಾತ್ರವಲ್ಲ, ಈ ಬಿರುಕಿನಲ್ಲಿಯೂ ಹೌದು.

ಹೆಚ್ಚುಕಡಿಮೆ ಅದೇ ಯುಗದಲ್ಲಿ, ಕಾಶಿಯ ಚರ್ಮಕಾರ ಸಮುದಾಯದ ಸಂತ ರವಿದಾಸರ ಹಾಡಿನಲ್ಲಿ ಬೇಗಂಪುರ ಎಂಬ ಊರು ಮೂಡಿತು. ದುಃಖವಿಲ್ಲದ ಊರು ಎಂಬುದು ಆ ಹೆಸರಿನ ಅರ್ಥ. ಸಿಖ್ಖರ ಪವಿತ್ರ ಗ್ರಂಥದಲ್ಲಿ ಸೇರಿರುವ ಈ ಪುಟ್ಟ ರಚನೆಯಲ್ಲಿ ಆಡಳಿತದ ವಿವರಗಳಿಲ್ಲ. ತೆರಿಗೆಯಿಲ್ಲ, ಭಯವಿಲ್ಲ, ಎರಡನೆಯವರು ಮೂರನೆಯವರು ಎಂಬ ಶ್ರೇಣಿಯಿಲ್ಲ. ಜನ ಮನಬಂದಲ್ಲಿ ನಡೆದಾಡುತ್ತಾರೆ, ಅವರನ್ನು ತಡೆಯುವವರಿಲ್ಲ. ಮೋರ್‌ನ ನಾಡಿನಲ್ಲಿ ಅಪರಾಧವಾದ ನಡಿಗೆ ಇಲ್ಲಿ ಪೌರತ್ವದ ಲಕ್ಷಣವಾಗುತ್ತದೆ. ರಾಜ್ಯಾಧಿಕಾರದ ಸಮೀಪದಲ್ಲಿದ್ದ ನ್ಯಾಯವಾದಿಯ ಕನಸಿಗೂ ಹೆಜ್ಜೆಹೆಜ್ಜೆಗೆ ಮೈಲಿಗೆಯ ಗೆರೆಗಳನ್ನು ಕಂಡ ಸಮುದಾಯದ ಕನಸಿಗೂ ಇರುವ ಅಂತರ ಇದು. ಜಾತಿವಿರೋಧಿ ಚಿಂತಕರ ಸಾಮಾಜಿಕ ದರ್ಶನವನ್ನು ಕುರಿತ ತಮ್ಮ 2008ರ ಗ್ರಂಥಕ್ಕೆ ಗೇಲ್ ಆಮ್ವೆಟ್ ಈ ಊರಿನ ಹೆಸರನ್ನೇ ಬಳಸಿಕೊಂಡದ್ದು ಸಕಾರಣವಾಗಿದೆ.

ಕನ್ನಡ ಜನಪದ ಪರಂಪರೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆದರ್ಶ ನಗರಿಯನ್ನು ಕಲ್ಪಿಸುವುದಕ್ಕೆ ಬದಲಾಗಿ ಅದನ್ನು ಪರೀಕ್ಷೆಗೆ ಒಡ್ಡುತ್ತದೆ. ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಭಾಗದಲ್ಲಿ ಬಸವಣ್ಣನವರು 1,96,000 ಜಂಗಮರಿಗೆ ದಾಸೋಹ ನಡೆಸುತ್ತಿದ್ದಾರೆ. ಧರೆಗೆ ದೊಡ್ಡವರಾದ ಮಂಟೇಸ್ವಾಮಿ ಅಲ್ಲಿಗೆ ಬರುವುದು ಹೇಸಿಗೆ ಹುಟ್ಟಿಸುವ ರೂಪದಲ್ಲಿ, ಹೆಂಡದ ಗಡಿಗೆ ಹೊತ್ತು. ಬಾಗಿಲಲ್ಲಿ ಅವರಿಗೆ ದೊರೆಯುವುದು ಅವಮಾನ. ಪಾಠಾಂತರಗಳಲ್ಲಿ ವಿವರಗಳು ಬದಲಾದರೂ ಪರೀಕ್ಷೆಯ ತಿರುಳು ಒಂದೇ: ಲಾಂಛನಧಾರಿಗಳು ಸೋಲುತ್ತಾರೆ, ಬಸವಣ್ಣ, ನೀಲಮ್ಮ ಉಳಿದುಕೊಳ್ಳುತ್ತಾರೆ.

ಈ ಪ್ರಸಂಗವನ್ನು ಶರಣ ಚಳವಳಿಯ ನಿರಾಕರಣೆ ಎಂದು ಓದುವುದು ಆತುರದ ತೀರ್ಮಾನವಾಗುತ್ತದೆ. ಕಾವ್ಯ ಬಸವಣ್ಣನವರನ್ನು ಕೈಬಿಡುವುದಿಲ್ಲ. ಅವರ ಮಾತನ್ನೇ ಮಾನದಂಡವಾಗಿಟ್ಟುಕೊಂಡು ಅವರ ಊರನ್ನು ಅಳೆಯುತ್ತದೆ. ಸಮಾನತೆಯನ್ನು ಸಾರಿದ ನಗರಿಗೂ ಬಾಗಿಲು ಕಾಯುವವರು ಹುಟ್ಟಿಕೊಳ್ಳುತ್ತಾರೆ, ಸುಧಾರಣೆಯ ಗುರುತುಗಳೇ ಹೊಸ ಶ್ರೇಣಿಯ ಗುರುತುಗಳಾಗುತ್ತವೆ ಎಂಬ ಎಚ್ಚರ ಇಲ್ಲಿದೆ. ಇಂಥ ಎಚ್ಚರ ರಾಜಕೀಯ ಚಿಂತನೆಯಲ್ಲವೆಂದಾದರೆ ಆ ಹೆಸರಿಗೆ ಅರ್ಹವಾದದ್ದು ಯಾವುದೆಂಬ ಪ್ರಶ್ನೆ ಏಳುತ್ತದೆ.

ಹಾಗೆಂದು ಕಾವ್ಯದ ಮಿತಿಗಳನ್ನು ಮರೆಮಾಚಬೇಕಾಗಿಲ್ಲ. ಪರೀಕ್ಷೆ ನಡೆಸುವವರು ಪವಾಡಶಕ್ತಿಯುಳ್ಳ ಗುರು. ಅವಮಾನಿತನಾದ ಸಾಮಾನ್ಯನೊಬ್ಬ ಅದೇ ಬಾಗಿಲಲ್ಲಿ ನಿಂತರೆ ಅವನಿಗೆ ನ್ಯಾಯ ಒದಗಿಸುವ ಬಗೆ ಯಾವುದು ಎಂಬುದಕ್ಕೆ ಕಾವ್ಯದಲ್ಲಿ ಉತ್ತರವಿಲ್ಲ. ಸಂಸ್ಥೆ, ಕಾನೂನುಗಳ ವಿವರಕ್ಕೆ ಮೋರ್‌ನ ಕಡೆಗೇ ಮರಳಬೇಕಾಗುತ್ತದೆ. ಒಂದು ಪರಂಪರೆಯಲ್ಲಿ ವ್ಯವಸ್ಥೆಯಿದೆ, ಬಾಗಿಲ ಹೊರಗಿನ ನೋಟವಿಲ್ಲ. ಇನ್ನೊಂದರಲ್ಲಿ ಆ ನೋಟವಿದೆ, ವ್ಯವಸ್ಥೆಯಿಲ್ಲ. ಎರಡನ್ನೂ ಜೊತೆಗಿಟ್ಟು ಓದುವ ಅಗತ್ಯ ಹುಟ್ಟುವುದು ಇಲ್ಲಿಯೇ.

ಆದರೆ ಇವುಗಳನ್ನು ಬೇರೆಬೇರೆ ಕೋಣೆಗಳಲ್ಲಿ ಇರಿಸುವ ರೂಢಿ ಬಲವಾಗಿದೆ. ಪ್ಲೇಟೋ, ಮೋರ್ ರಾಜ್ಯಶಾಸ್ತ್ರಕ್ಕೆ ಸಲ್ಲುತ್ತಾರೆ. ಬೇಗಂಪುರ ಭಕ್ತಿಸಾಹಿತ್ಯಕ್ಕೆ, ನೀಲಗಾರರ ಹಾಡು ಜಾನಪದಕ್ಕೆ. ಈ ವಿಂಗಡಣೆ ಕೇವಲ ಅನುಕೂಲದ್ದಲ್ಲ. ಬರೆದವನ ಕಲ್ಪನೆ ಚಿಂತನೆಯೆನಿಸಿ, ಹಾಡಿದವನ ಕಲ್ಪನೆ ನಂಬಿಕೆಯೆನಿಸುವುದು ವಿದ್ವತ್ತಿನ ಬಾಗಿಲಲ್ಲಿಯೂ ಕಾವಲಿದೆ ಎಂಬುದಕ್ಕೆ ಸಾಕ್ಷಿ. ಮಂಟೇಸ್ವಾಮಿ ಕಲ್ಯಾಣಕ್ಕೆ ಒಡ್ಡಿದ ಪರೀಕ್ಷೆ ಆದರ್ಶ ನಾಡುಗಳನ್ನು ಅಭ್ಯಸಿಸುವ ಶಾಸ್ತ್ರಕ್ಕೂ ಅನ್ವಯಿಸುತ್ತದೆ.