ವಜ್ರಕಾಯವೂ ಮುಳ್ಳಿನ ಗುಡಿಯೂ

ಶರಣ ಪರಂಪರೆಯನ್ನು ವಿಮರ್ಶಿಸುವಾಗ ಜಾತಿ, ಕಾಯಕ, ದಾಸೋಹಗಳ ಬಗ್ಗೆ ನಾವು ಆಡಿರುವಷ್ಟು ಮಾತನ್ನು ಕಾಲದ ಬಗ್ಗೆ ಆಡಿಲ್ಲ. ಅಲ್ಲಮಪ್ರಭುವಾದರೋ ಈ ವಿಷಯಕ್ಕೆ ಮತ್ತೆ ಮತ್ತೆ ಬರುತ್ತಾನೆ. ನೆಲ ಮುಗಿಲು ಇನ್ನೂ ಇಲ್ಲದ, ಹಗಲಿರುಳು ಬೇರಾಗದ, ಬ್ರಹ್ಮ ವಿಷ್ಣುಗಳೂ ಹುಟ್ಟದ ಸ್ಥಿತಿಯೊಂದನ್ನು ಒಂದೊಂದೇ ‘ಇಲ್ಲ’ ಹೇಳುತ್ತ ತೋರಿಸುತ್ತಾನೆ. ಸೃಷ್ಟಿಗೆ ಮುಂಚೆ ದೇವರಿದ್ದನೇ, ಇದ್ದರೆ ಎಷ್ಟು ಕಾಲದಿಂದ ಇದ್ದ ಎಂಬ ಪ್ರಶ್ನೆಗೆ ಕನ್ನಡದಲ್ಲಿ ಬಂದ ಅತ್ಯಂತ ದಿಟ್ಟ ಉತ್ತರ ಅದು ಎಂದು ನಾನು ನಂಬಿದ್ದೇನೆ. ಆ ಉತ್ತರದ ಬಲ ಯಾವುದು, ಅದು ಸೋಲುವುದೆಲ್ಲಿ ಎಂದು ಪರೀಕ್ಷಿಸಲು ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಷ್ಟು ತಕ್ಕ ಜಾಗ ಇನ್ನೊಂದಿಲ್ಲ. ಅಲ್ಲಮನ ಜೊತೆ ಜಗಳವಾಡಬಲ್ಲ ದೇವರುಗಳೆಲ್ಲ ಇಲ್ಲಿ ಅಕ್ಕಪಕ್ಕದ ಊರುಗಳಲ್ಲೇ ಇದ್ದಾರೆ.

ಮೊಳಕಾಲ್ಮುರಿನ ನುಂಕೆಮಲೆಯಿಂದ ಶುರುಮಾಡೋಣ. ಈ ಬೆಟ್ಟದ ದೈವವನ್ನು ಸಿದ್ಧೇಶ್ವರನೆಂದೂ ಭೈರವನೆಂದೂ ಕರೆಯುತ್ತಾರೆ. ನಾಥ ಸಿದ್ಧರ ನೆನಪು ಈ ಬಂಡೆಗಳಿಗೆ ಅಂಟಿಕೊಂಡಿದೆ. ಆ ಸಿದ್ಧರ ಹಂಬಲ ಕಾಯಸಿದ್ಧಿ: ಮುಪ್ಪು ಸಾವುಗಳಿಲ್ಲದ ದೇಹ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ, ಶೂನ್ಯಸಂಪಾದನೆಗಳಲ್ಲಿ ಬರುವ ನಾಥಸಿದ್ಧ ಗೋರಕ್ಷನ ಪ್ರಸಂಗ ಈ ಹಂಬಲವನ್ನೇ ಒರೆಗೆ ಹಚ್ಚುತ್ತದೆ. ತನ್ನದು ವಜ್ರಕಾಯವೆಂದು ಬೀಗಿದ ಗೋರಕ್ಷ ಅಲ್ಲಮನ ಕೈಗೆ ಖಡ್ಗ ಕೊಟ್ಟು ಹೊಡೆಯಲು ಹೇಳುತ್ತಾನೆ. ಏಟು ಬೀಳುತ್ತದೆ, ಮೈಯಿಂದ ಖಣಿಲೆಂಬ ಸದ್ದು ಹೊರಡುತ್ತದೆ, ಕೂದಲೂ ಕೊಂಕುವುದಿಲ್ಲ. ಆಮೇಲೆ ಗೋರಕ್ಷ ಅಲ್ಲಮನ ಮೇಲೆ ಖಡ್ಗ ಬೀಸುತ್ತಾನೆ. ಅದು ಬಯಲನ್ನು ಸೀಳಿದಂತೆ ಈ ಕಡೆಯಿಂದ ಆ ಕಡೆಗೆ ಹಾದುಹೋಗುತ್ತದೆ. ಗೋರಕ್ಷ ಶರಣಾಗುತ್ತಾನೆ.

ಇದನ್ನು ಪವಾಡವೆಂದು ಓದಿ ಮುಂದೆ ಹೋಗುವವರೇ ಹೆಚ್ಚು. ನನ್ನ ಓದಿನಲ್ಲಿ ಇದು ನಿತ್ಯತೆಯ ಎರಡು ಕಲ್ಪನೆಗಳ ನಡುವಿನ ವಾದ. ಗೋರಕ್ಷನ ನಿತ್ಯತೆ ಎಂದರೆ ಕಾಲದೊಳಗೇ ಇದ್ದು ಕಾಲಕ್ಕೆ ಸೋಲದಿರುವುದು. ನೂರು ವರ್ಷ, ಸಾವಿರ ವರ್ಷ, ಕಲ್ಪಕಲ್ಪಗಳವರೆಗೆ ಬಾಳುವುದು. ಅಂಥವನಿಗೆ ಖಡ್ಗ ತಾಗುತ್ತದೆ, ಆದರೆ ಕೊಲ್ಲುವುದಿಲ್ಲ. ಅಲ್ಲಮನಿಗೆ ತಾಗುವುದೇ ಇಲ್ಲ. ನಾವು ಸಾಮಾನ್ಯವಾಗಿ ದೇವರನ್ನು ಅನಾದಿ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಗೋರಕ್ಷನೇ: ಎಲ್ಲರಿಗಿಂತ ಮುಂಚೆ ಬಂದು, ಎಲ್ಲರೂ ಹೋದ ಮೇಲೂ ಉಳಿಯುವ ಒಬ್ಬ ಮಹಾ ವೃದ್ಧ. ಅಂಥ ದೇವರಿಗೆ ಮಾತ್ರ ‘ಸೃಷ್ಟಿಗೆ ಮುಂಚೆ ಏನು ಮಾಡುತ್ತಿದ್ದೆ’ ಎಂದು ಕೇಳಲು ಬರುತ್ತದೆ. ಅಲ್ಲಮ ಆ ಪ್ರಶ್ನೆಯ ಕಾಲಡಿಯ ನೆಲವನ್ನೇ ಎಳೆದುಹಾಕುತ್ತಾನೆ. ದಿನವೂ ಇರುಳೂ ಇಲ್ಲದ ಕಡೆ ‘ಮುಂಚೆ’ ಎಂಬುದನ್ನು ಅಳೆಯುವುದು ಯಾವುದರಿಂದ?

ದೂರದ ಉತ್ತರ ಆಫ್ರಿಕಾದಲ್ಲಿ ಕ್ರೈಸ್ತ ಸಂತ ಅಗಸ್ಟೀನ್ ಸುಮಾರು ಕ್ರಿ.ಶ. 400ರ ಹೊತ್ತಿಗೆ ಇದೇ ಪ್ರಶ್ನೆಯ ಜೊತೆ ಹೆಣಗಿ, ಕಾಲವೂ ಸೃಷ್ಟಿಯ ಜೊತೆಗೇ ಹುಟ್ಟಿತು ಎಂಬ ನಿಲುವಿಗೆ ಬಂದ. ನಮ್ಮ ಮಧ್ವಾಚಾರ್ಯರು ಬೇರೆ ದಾರಿ ಹಿಡಿದು, ‘ತತ್ತ್ವಸಂಖ್ಯಾನ’ದಲ್ಲಿ ಕಾಲವನ್ನು ನಿತ್ಯವೂ ಅನಿತ್ಯವೂ ಆದವುಗಳ ಸಾಲಿಗೆ ಸೇರಿಸಿದರು. ಇಬ್ಬರದೂ ತರ್ಕದ ಕೆಲಸ, ಘನವಾದ ಕೆಲಸ. ಅಲ್ಲಮನಲ್ಲಿ ಮಾತ್ರ ಇದು ಸಿದ್ಧಾಂತವಾಗಿ ಗಟ್ಟಿಯಾಗುವುದಿಲ್ಲ. ಅವನ ‘ಇಲ್ಲ’ಗಳು ಕೇಳುವವನನ್ನು ಒಂದು ಅನುಭವದ ಅಂಚಿಗೆ ತಂದು ನಿಲ್ಲಿಸಿ ಸುಮ್ಮನಾಗುತ್ತವೆ.

ಆ ಸುಮ್ಮನಿರುವಿಕೆಯನ್ನು ಅವನ ಹಿಂದೆ ಬಂದವರು ಸಹಿಸಲಿಲ್ಲ. 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಮೊದಲ ಶೂನ್ಯಸಂಪಾದನೆಯನ್ನು ಕಟ್ಟಿದ. ಅದು ಸಂವಾದದ ಕೃತಿಯಾದ್ದರಿಂದ ಅಲ್ಲಮನ ಕಿಡಿ ಅಲ್ಲಿ ಇನ್ನೂ ಉಳಿದಿದೆ. ಅದರ ಆಚೀಚೆಯ ಶಾಸ್ತ್ರಕೃತಿಗಳಲ್ಲಿ ಸೃಷ್ಟಿಪೂರ್ವ ಸ್ಥಿತಿಗೆ ಮೆಟ್ಟಿಲುಗಳು ಬಂದವು: ಸರ್ವಶೂನ್ಯ ನಿರಾಲಂಬ, ಅದರಿಂದ ಶೂನ್ಯಲಿಂಗ, ಅದರಿಂದ ನಿಷ್ಕಲಲಿಂಗ, ಅದರಿಂದ ಮಹಾಲಿಂಗ, ಮುಂದೆ ತತ್ತ್ವಗಳ ಲೆಕ್ಕ. ಇದು ಕಾಲಕ್ರಮವಲ್ಲ, ಸಾಧಕ ಒಳಗೇ ಹತ್ತಬೇಕಾದ ಏಣಿ ಎಂದು ಬಲ್ಲವರು ಸಮರ್ಥಿಸುತ್ತಾರೆ. ಸಾಧನೆಯ ಮಟ್ಟಿಗೆ ಒಪ್ಪುತ್ತೇನೆ. ಆದರೆ ಓದುವವನ ಮನಸ್ಸಿನಲ್ಲಿ ಉಳಿಯುವುದು ಒಂದು ವಂಶಾವಳಿ. ‘ಮೊದಲು ಇದು, ಆಮೇಲೆ ಅದು’ ಎಂದು ಹೇಳಿದ ಕೂಡಲೇ ಕಾಲವಿಲ್ಲದಲ್ಲಿಗೆ ಕಾಲ ಹಿಂಬಾಗಿಲಿನಿಂದ ಒಳಬರುತ್ತದೆ. ಪರಂಪರೆಯ ಒಳಗಿನವರೇ ಗೋರಕ್ಷನನ್ನು ಮತ್ತೆ ಗದ್ದುಗೆಗೆ ಕೂರಿಸಿದಂತಾಯಿತು. ಈ ಪರಂಪರೆಯ ಮೇಲೆ ನನಗಿರುವ ದೊಡ್ಡ ತಕರಾರು ಇದು.

ಎರಡನೆಯ ತಕರಾರನ್ನು ಪುಸ್ತಕದಿಂದ ಎತ್ತಲಾಗದು, ಹಟ್ಟಿಗಳಿಂದಲೇ ಎತ್ತಬೇಕು. ಈ ಸೀಮೆಯ ಅತಿ ಹಳೆಯ ಬರಹಗಳೆಂದರೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳು, 1892ರಲ್ಲಿ ಬಿ.ಎಲ್. ರೈಸ್ ಕಣ್ಣಿಗೆ ಬಿದ್ದವು. ದೇವತೆಗಳ ಮಾತು ಅವುಗಳಲ್ಲಿದೆ, ತಂದೆತಾಯಿ ಗುರುಗಳಿಗೆ ವಿಧೇಯವಾಗಿರಬೇಕೆಂಬ ಪುರಾತನ ನಡವಳಿಕೆಯ ಮಾತಿದೆ, ಸೃಷ್ಟಿಕರ್ತನ ಸುದ್ದಿ ಮಾತ್ರ ಇಲ್ಲ. ಇಲ್ಲಿನ ಮ್ಯಾಸ ನಾಯಕರಿಗೂ ಕಾಡುಗೊಲ್ಲರಿಗೂ ಸೃಷ್ಟಿಪೂರ್ವದ ಚಿಂತೆ ದೊಡ್ಡದಲ್ಲ. ಮ್ಯಾಸರ ದೇವರಾದ ಗಾದ್ರಿಪಾಲನಾಯಕ ಒಂದು ಕಾಲದಲ್ಲಿ ದನ ಕಾದವನು. ಹುಟ್ಟಿದ, ಹೋರಾಡಿದ, ಮಡಿದ, ಆಮೇಲೆ ದೇವರಾದ. ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ನೆನಪಿನಿಂದಲೇ ಹಾಡಿದ್ದನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದ್ದಾರೆ. ಆ ಲೋಕದ ದೇವರುಗಳಿಗೂ ತಾಯಿ ಇದ್ದಾಳೆ, ಹಟ್ಟಿ ಇದೆ, ಹಸಿವಿದೆ.

ಶರಣ ಸಿದ್ಧಾಂತದ ಕಣ್ಣಿಗೆ ಇವು ಕ್ಷುದ್ರದೈವಗಳು. ಈ ತೀರ್ಪನ್ನು ನಾನು ಒಪ್ಪಲಾರೆ. ಇಲ್ಲಿಯೂ ನಿತ್ಯತೆಯ ವಿಚಾರವಿದೆ, ಅದನ್ನು ಕೈಯಿಂದ ಮಾಡುತ್ತಾರೆ ಅಷ್ಟೆ. ಪರಶುರಾಂಪುರದ ಕಡೆ ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆಗೆ ಕಾರೆ, ಬಾರೆ ಮುಳ್ಳುಗಳನ್ನು ಕಡಿದು ತಂದು ಆಳೆತ್ತರ ಮೀರಿದ ಗುಡಿ ಕಟ್ಟುತ್ತಾರೆ. ಅದರ ತುದಿಗೆ ಕಳಶ ಇಡುತ್ತಾರೆ. ಕೊನೆಯಲ್ಲಿ ಬರಿಗಾಲಿನ ಹುಡುಗರು ಆ ಮುಳ್ಳನ್ನೇ ತುಳಿದು ಹತ್ತಿ ಕಳಶ ಕೀಳುತ್ತಾರೆ. ಕಲ್ಲಿನ ಗುಡಿ ಕಟ್ಟಿ ಶಾಶ್ವತ ಮಾಡಿಬಿಡೋಣ ಎಂಬ ಆಸೆಗೆ ಇಲ್ಲಿ ಜಾಗವಿಲ್ಲ. ಮುಳ್ಳು ಒಣಗುತ್ತದೆ, ಮತ್ತೆ ಕಡಿಯಬೇಕು, ಮತ್ತೆ ಕಟ್ಟಬೇಕು. ಮ್ಯಾಸರ ದೇವರ ಎತ್ತುಗಳದ್ದೂ ಇದೇ ರೀತಿ. ಅವುಗಳ ಹೆಗಲಿಗೆ ನೊಗವಿಲ್ಲ, ಕಾಯಲು ಕಿಲಾರಿ ಇರುತ್ತಾನೆ, ಸತ್ತರೆ ಮನುಷ್ಯರಂತೆ ಮಣ್ಣು ಮಾಡುತ್ತಾರೆ. ಮೂಲಪುರುಷರ ಮಂದೆಯ ಸಂತತಿ ಎಂಬ ನಂಬಿಕೆ. ಒಂದೊಂದು ಎತ್ತೂ ಸಾಯುತ್ತದೆ, ಮಂದೆ ಉಳಿಯುತ್ತದೆ.

ಅಲ್ಲಮನ ದೇವರಿಗೆ ಹಾಕಬೇಕಾದ ಕಠಿಣ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಕಾಲವೇ ತಾಗದವನಿಗೆ ಬರಗಾಲ ತಾಗುವುದು ಹೇಗೆ? ಖಡ್ಗ ಹಾದುಹೋದಂತೆ ಮನುಷ್ಯನ ಮೊರೆಯೂ ಅವನನ್ನು ಹಾದುಹೋದರೆ ಏನು ಗತಿ? ಶಾಸ್ತ್ರಗ್ರಂಥಗಳಲ್ಲಿ ನನಗೆ ತೃಪ್ತಿಯ ಉತ್ತರ ಸಿಕ್ಕಿಲ್ಲ. ಸಿಕ್ಕಿದ್ದರೆ ಅದು ನಾಯಕನಹಟ್ಟಿಯಲ್ಲಿ. ಶರಣ ಪರಂಪರೆಯ ಪಂಚಗಣಾಧೀಶ್ವರರಲ್ಲಿ ಒಬ್ಬರೆಂದು ಜನ ನಂಬುವ ತಿಪ್ಪೇರುದ್ರಸ್ವಾಮಿಗಳು ಇಲ್ಲಿ ನೆನಪಿನಲ್ಲಿರುವುದು ಕೆರೆ ಕಟ್ಟಿಸಿದವರಾಗಿ, ದುಡಿದಷ್ಟಕ್ಕೆ ಕೂಲಿ ಅಳೆದುಕೊಟ್ಟವರಾಗಿ. ಫಾಲ್ಗುಣದ ತೇರಿಗೆ ಬಂದವರು ಕೊಬ್ಬರಿ ಸುಟ್ಟು ಹರಕೆ ತೀರಿಸಿ ಹೋಗುತ್ತಾರೆ. ಶೂನ್ಯವನ್ನು ನೆಚ್ಚಿದ ಪರಂಪರೆಯೊಂದು ಮಳೆ ಕಡಿಮೆಯ ನಾಡಿಗೆ ಬಂದಾಗ ಕೆರೆ ತೋಡಿತು ಎಂಬುದನ್ನು ಪರಂಪರೆಯ ಪಂಡಿತರು ಚರಿತ್ರೆಯ ವಿವರವೆಂದು ಬಿಟ್ಟುಬಿಡುತ್ತಾರೆ. ನನಗೆ ಅದು ತತ್ತ್ವದ ಭಾಗ. ಕಾಲಾತೀತ ದೇವರು ಕಾಲದೊಳಗೆ ಇಳಿಯುವುದು ಜಂಗಮನ ಕೈಕಾಲಿನಿಂದ. ಬೇರೆ ದಾರಿ ಅವನಿಗಿಲ್ಲ.

ಹಾಗಿದ್ದರೂ ಒಂದು ಕಡೆ ಹಟ್ಟಿಯ ದೇವರ ಪಕ್ಕವೇ ನಾನು ನಿಲ್ಲುತ್ತೇನೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಕುದಾಪುರ, ಉಳ್ಳಾರ್ತಿ, ವರವು ಸುತ್ತಿನ ಸುಮಾರು 10,000 ಎಕರೆ ಹುಲ್ಲುಗಾವಲು ವಿಜ್ಞಾನ, ರಕ್ಷಣೆ ಮೊದಲಾದ ಸಂಸ್ಥೆಗಳಿಗೆ ಹೋಯಿತು. ಬೇಲಿ, ಗೋಡೆಗಳು ಎದ್ದವು. ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ವಿಶ್ವದ ಮೊದಲ ಕ್ಷಣವನ್ನು ವಿಜ್ಞಾನ ಹುಡುಕಲಿ, ಅದು ಬೇಕು. ಆದರೆ ನಿರಾಲಂಬನಾದ ದೇವರಿಗೆ ಈ ಹುಲ್ಲು ಹೋದರೆ ಯಾವ ನಷ್ಟವೂ ಇಲ್ಲ, ಗಾದ್ರಿಪಾಲನಾಯಕನಿಗೆ ಇದೆ. ಅವನ ಎತ್ತುಗಳು ಮೇಯಬೇಕು. ಶೂನ್ಯವನ್ನು ಕುರಿತು ಮಠಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ಇನ್ನು ಮುಂದೆ ಗೋಷ್ಠಿ ನಡೆಸುವವರು ಕಿಲಾರಿಗಳನ್ನೂ ಕರೆದು ಮೊದಲ ಸಾಲಿನಲ್ಲಿ ಕೂರಿಸಲಿ. ಆ ದೇವರು ಬದುಕಲು ಎಷ್ಟು ಎಕರೆ ಬೇಕು ಎಂಬುದು ಅವರಿಗೆ ಗೊತ್ತಿದೆ.